ಪಾಸ್‌ಪೋರ್ಟ್ ಫೋಟೋ ತೆಗೆಯದ ಸ್ಟುಡಿಯೋ

ಬೋರ್ಡಿನಲ್ಲಿ ‘ಸ್ಟುಡಿಯೋ’ ಎಂದು ಬರೆಸಿದ್ದೇ ನಾನು ಮಾಡಿದ ತಪ್ಪು. ಅರಸೀಕೆರೆಯಲ್ಲಿ ಸ್ಟುಡಿಯೋ ಎಂದರೆ ಫೋಟೋ ಸ್ಟುಡಿಯೋ, ಇನ್ನೊಂದು ಅರ್ಥವಿಲ್ಲ. ಕೊಬ್ಬರಿ ಮಂಡಿಯ ಮೇಲಿದ್ದ ನನ್ನ ಬಾಡಿಗೆ ಕೋಣೆಗೆ ಮೆಟ್ಟಿಲು ಹತ್ತಿ ಬಂದವರೆಲ್ಲ ಏದುಸಿರು ಬಿಡುತ್ತಾ ಪಾಸ್‌ಪೋರ್ಟ್ ಸೈಜು ಎಂಟು ಕಾಪಿ ಬೇಕು ಎನ್ನುತ್ತಿದ್ದರು. ನಾನು ಬಸ್ ಸ್ಟ್ಯಾಂಡಿನ ಫೋಟೋ ಅಂಗಡಿಯ ಕಡೆ ಕೈ ತೋರಿಸುತ್ತಿದ್ದೆ. ಒಮ್ಮೊಮ್ಮೆ ಸಿಡುಕಿದ್ದೂ ಉಂಟು.

ನಾನು ಶುರು ಮಾಡಿದ್ದು ಬೇರೆಯದೇ ಕಸುಬು. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಇಂಟರ್‌ನೆಟ್ಟಿನಲ್ಲಿ ಮಾರುವುದು. ಚಿತ್ರವನ್ನು ಯಾರು ಬೇಕಾದರೂ ನೋಡಬಹುದು, ಆದರೆ ಒಡೆತನ ಒಬ್ಬರದೇ. ಹಳೇ ನಾಣ್ಯ, ಸ್ಟಾಂಪು ಕೂಡಿಡುವವರಂತೆ ಇದನ್ನೂ ಕೊಂಡು ಕೂಡಿಡುವವರಿದ್ದಾರೆ. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಡಿಸೈನು ಮಾಡುತ್ತಿದ್ದ ಕೆಲಸ ಬಿಟ್ಟು, ಜೊತೆಯಲ್ಲಿ ಓದಿದ ಗೆಳತಿಯೊಡನೆ ಸೇರಿ ಇದಕ್ಕೆ ಇಳಿದೆ. ಹಳೇಬೀಡಿಗೆ ಬಸ್ಸಿನಲ್ಲಿ ಹೋಗಿ, ದೇವಸ್ಥಾನದ ಗೋಡೆಯ ಅಡಿಪಟ್ಟಿಯಲ್ಲಿರುವ ಆನೆಗಳನ್ನು ಒಂದೊಂದಾಗಿ ನೋಡಿಕೊಂಡು ಬರೆದೆವು. ಆರು ತಿಂಗಳಿಗೆ ಗೆಳತಿಗೆ ಬೇಲೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು. ಹೋದಳು. ಅವಳದೇನೂ ತಪ್ಪಿಲ್ಲ.

ಆಮೇಲೆ ನಾನೊಬ್ಬಳೇ ಆನೆ ಬರೆದೆ. ಒಂದೂ ಯಾರಿಗೂ ಬೇಕಾಗಲಿಲ್ಲ. ಮಾರಾಟವಾಗದ್ದಕ್ಕಿಂತ, ಒಬ್ಬರೂ ನಿಂತು ನೋಡಲಿಲ್ಲವಲ್ಲ ಎನ್ನುವುದೇ ನನ್ನನ್ನು ತಿನ್ನುತ್ತಿತ್ತು. ಇಡೀ ದಿನ ಬಾಯಿ ಬಿಡದೆ ಕೂತು, ಸಂಜೆ ಕೆಳಗಿನ ಮಂಡಿಯವರನ್ನು ಮಾತಾಡಿಸಲು ಹೋದರೆ ಗಂಟಲು ಕಟ್ಟಿರುತ್ತಿತ್ತು. ಒಬ್ಬರಿಗಾದರೂ ನನ್ನ ಚಿತ್ರ ಬೇಕು ಅನ್ನಿಸಲಿ, ಇಲ್ಲದಿದ್ದರೆ ಯುಗಾದಿಗೆ ಬೀಗ ಹಾಕಿ ಪ್ರೆಸ್ಸಿಗೇ ಮರಳುವುದು ಎಂದು ತೀರ್ಮಾನಿಸಿದ್ದೆ.

ಆಗ ಬಂದವರು ಜಾವಗಲ್ ಕಡೆಯ ಒಬ್ಬ ಹೆಂಗಸು. ತೀರಿಹೋದ ಗಂಡನ ಫೋಟೋ ದೊಡ್ಡದು ಮಾಡಿಕೊಡಬೇಕಂತೆ. ಎಂದಿನಂತೆ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿದೆ. ಅಲ್ಲಿಗೆ ಹೋಗಿಯೇ ಬಂದಿದ್ದರು. ಆಗುವುದಿಲ್ಲ ಎಂದು ವಾಪಸು ಕಳಿಸಿದ್ದರಂತೆ. ಫೋಟೋ ನೋಡಿದೆ. ಯಾರದೋ ಮದುವೆಯ ಗುಂಪು, ಹಿಂದಿನ ಸಾಲಿನಲ್ಲಿ ಇನ್ನೊಬ್ಬರ ಪೇಟದ ಮರೆಯಲ್ಲಿ ಅರ್ಧ ಮುಖ. ಗಂಡನದೆಂದು ಇದ್ದದ್ದು ಅದೊಂದೇ ಫೋಟೋ. ಬರೆದು ಕೊಡುತ್ತೇನೆ, ಕೂತುಕೊಳ್ಳಿ ಎಂದು ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

ಮೂರು ಸಂತೆ ದಿನ ಬಂದು ನನ್ನ ಪಕ್ಕದಲ್ಲಿ ಕೂತರು. ಕಾಣದ ಅರ್ಧವನ್ನು ಅವರು ಹೇಳಬೇಕು, ನಾನು ಬರೆಯಬೇಕು.

“ಕಿವಿ ಹಂಗಿರ್ಲಿಲ್ಲ ಮೇಡಂ, ಇನ್ನೊಂಚೂರು ಮುಂದಕ್ಕಿತ್ತು.”

ಅಳಿಸುತ್ತಿದ್ದೆ, ಮತ್ತೆ ಬರೆಯುತ್ತಿದ್ದೆ. ನನ್ನ ಚಿತ್ರವನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಮೂರನೆಯ ವಾರ ಆಕೆ ತಪ್ಪು ತೋರಿಸುವುದನ್ನು ನಿಲ್ಲಿಸಿ, ಪರದೆಯನ್ನೇ ನೋಡುತ್ತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಕಣ್ಣೂ ತುಂಬಿತು, ಸಂತೋಷಕ್ಕೆ.

ಪ್ರಿಂಟು ತೆಗೆಸಿ, ಕಟ್ಟು ಹಾಕಿಸಿ ಕೊಟ್ಟೆ. ಕಂಪ್ಯೂಟರಿನಲ್ಲಿ ಇನ್ನೂ ಇದೆಯಾ ಎಂದು ಕೇಳಿದರು. ಇದೆ, ನನ್ನ ಕೆಲಸವೆಂದು ನಾಲ್ಕು ಜನಕ್ಕೆ ತೋರಿಸಬೇಕು ಎಂದೆ. ಆಸೆಯಿಂದಲೇ ಎಂದೆ.

“ಬ್ಯಾಡ ಮೇಡಂ. ಫೋಟೋಕ್ಕೆ ನಿಲ್ಲಕ್ಕೇ ನಾಚ್ಕೊಳ್ಳೋರು ಅವ್ರು. ಅಳಿಸ್ಬುಡಿ. ಇದೊಂದೇ ಇರ್ಲಿ.”

ಅವರ ಎದುರಿಗೇ ಅಳಿಸಿದೆ. ಎಲ್ಲ ಕಡೆಯಿಂದಲೂ ಹೋಯಿತಾ ಎಂದು ಕೇಳಿದರು. ಹೋಯಿತು ಎಂದೆ, ನಿಜವಾಗಿಯೂ ಹೋಗಿತ್ತು. ಮದುವೆಯ ಫೋಟೋವನ್ನೂ ಮರೆಯದೆ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಇಳಿದು ಹೋದರು.

ಮರುದಿನ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮುಖವನ್ನು ಮತ್ತೆ ಬರೆಯಲು ಕೂತೆ. ಯಾರಿಗೂ ತೋರಿಸುವುದಿಲ್ಲ, ನನಗೊಬ್ಬಳಿಗೇ ಎಂದು ಸಮಾಧಾನ ಹೇಳಿಕೊಂಡೆ. ಸಂಜೆಯವರೆಗೂ ಬರೆದೆ. ಬಂದದ್ದು ಯಾರೋ ಒಬ್ಬ ಗಂಡಸಿನ ಮುಖ. ಎಲ್ಲಿ ತಪ್ಪಿದ್ದೇನೆಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.