ಹಾರ ಹಾಕಿಸಿಕೊಂಡ ಸರ್ವರ್

ಸಿಂದಗಿಯ ನಮ್ಮ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದೆವು. ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಬೀಗದ ಕೈ ಕೊಟ್ಟರೂ, ಚಹಾ ಸೋಸುವ ಜಾಳಿಗೆ ತಂದರೂ ಅವರದು ಒಂದೇ ಪ್ರಶ್ನೆ: "ಇನ್ನೊಂದು ಐತೇನ್ರಿ?"

ಹಟ ಹಿಡಿದು ಲೆಕ್ಕ ಇಡುವ ಸರ್ವರ್ ಯಂತ್ರವನ್ನೂ ಇನ್ನೊಂದು ತರಿಸಿದರು. ಹಳ್ಳಿಗಳ ಹಾಲಿನ ಲೆಕ್ಕ ಎರಡರಲ್ಲೂ ಒಟ್ಟಿಗೇ ಸೇರುತ್ತಿತ್ತು. ಮೊದಲನೆಯದು ನಿಂತರೆ ಎರಡನೆಯದು ತಾನಾಗಿಯೇ ಕೆಲಸ ಹಿಡಿಯಬೇಕು. ಮ್ಯಾನೇಜರ್ ಸಾಹೇಬರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಹಾಗಂತ ಮೊದಲನೆಯದನ್ನು ಒಮ್ಮೆ ನಿಲ್ಲಿಸಿ ನೋಡಲೂ ಬಿಡುತ್ತಿರಲಿಲ್ಲ.

ಯಂತ್ರಗಳಿಗೆಲ್ಲ ಪೂಜೆ ಮಾಡುವ ಖಂಡೇನವಮಿ ಬಂತು. ಹಬ್ಬವೆಂದು ಎಮ್ಮೆಗಳು ರಜೆ ಹಾಕುವುದಿಲ್ಲ. ಹಾಲಿನ ಕ್ಯಾನುಗಳ ಸಾಲು ಗೇಟಿನ ತನಕ ಇತ್ತು. ಸಾಹೇಬರು ಭಕ್ತಿಯಿಂದ ಮೊದಲ ಸರ್ವರ್‌ಗೆ ವಿಭೂತಿ ಹಚ್ಚಿ, ಅದರ ಗಾಳಿಕಿಂಡಿಯೆಲ್ಲ ಮುಚ್ಚುವಂತೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದರು. ಗಾಳಿಯಿಲ್ಲದೆ ಕಾದ ಯಂತ್ರ ಸ್ವಲ್ಪ ಹೊತ್ತಿಗೆ ತಾನೇ ಬಂದ್ ಆಯಿತು. ಹಾಲು ತೂಗುತ್ತಿದ್ದ ನನ್ನ ಮುಂದಿನ ಪರದೆ ಒಮ್ಮೆ ತಡೆದು, ಮತ್ತೆ ಮುಂದುವರಿಯಿತು.

ಅಕ್ಕಾರು ಹಾರಕ್ಕೆ ಕೈ ಹಾಕಿದರು.

"ಪೂಜಾದ ಹಾರ ತಗೀಬಾರ್ದ್ರಿ," ಎಂದರು ಸಾಹೇಬರು.

"ಇದು ನಿಂತೈತ್ರಿ."

ಸಾಹೇಬರು ಸಾಲಿನ ಕಡೆ ನೋಡಿದರು. ಅದು ಸರಿಯುತ್ತಲೇ ಇತ್ತು. "ಮತ್ತ ಹಾಲಿನ ಲೆಕ್ಕ ಯಾರು ಬರಕೊಳ್ಳಾಕತ್ತಾರ?"

ಮೂಲೆಯಲ್ಲಿ ಹೂವೂ ವಿಭೂತಿಯೂ ಇಲ್ಲದೆ ದುಡಿಯುತ್ತಿದ್ದ ಎರಡನೆಯದನ್ನು ಅಕ್ಕಾರು ತೋರಿಸಿದರು. ಸಾಹೇಬರ ಕಣ್ಣು ತುಂಬಿ ಬಂತು. ಹೂಬುಟ್ಟಿಯ ಕಡೆ ಕೈ ಚಾಚಿ ಕೇಳಿದರು: "ಹಾರ ಇನ್ನೊಂದು ಐತೇನ್ರಿ?"

"ಇನ್ನೊಂದು ಬ್ಯಾಡ್ರಿ," ಎಂದು ಅಕ್ಕಾರು ಬುಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.