ಚಿಂಚೋಳಿಗೆ ಒಯ್ದ ಸೀರೆ

ನನ್ನ ಕಾರಿನ ಡಿಕ್ಕಿಯಲ್ಲಿ ಉದ್ದನೆಯ ವೈರಿನ ಸುರುಳಿಯೊಂದು ಸದಾ ಇರುತ್ತದೆ. ಕರೆಂಟಿನ ಕಾರು ಕೊಂಡವರಿಗೆ ಲೋಕ ಬೇರೆ ತರಹ ಕಾಣಿಸತೊಡಗುತ್ತದೆ, ಗೆಳೆಯರೇ. ಹೊಸ ಊರನ್ನು ಹೊಕ್ಕ ಕೂಡಲೇ ಉಳಿದವರ ಕಣ್ಣು ಗುಡಿಯ ಶಿಖರದ ಕಡೆಗೋ ಚಹಾದ ಅಂಗಡಿಯ ಕಡೆಗೋ ಹೋದರೆ, ನಮ್ಮ ಕಣ್ಣು ಮಾತ್ರ ಯಾರ ಮನೆಯ ಪಡಸಾಲೆಯಲ್ಲಿ ದಪ್ಪ ಪ್ಲಗ್ಗು ಇದ್ದೀತೆಂದು ಹುಡುಕುತ್ತಿರುತ್ತದೆ. ಪೆಟ್ರೋಲು ಗಾಡಿಯವನು ಹಣ ಕೊಟ್ಟು ಟಾಕಿ ತುಂಬಿಸಿಕೊಂಡು ಯಾರ ಮುಖವನ್ನೂ ನೋಡದೆ ಸಾಗಿಬಿಡಬಹುದು. ನಮಗೆ ಆ ಭಾಗ್ಯವಿಲ್ಲ. ಪ್ಲಗ್ಗು ಬೇಕೆಂದರೆ ಬಾಗಿಲು ತಟ್ಟಬೇಕು, ಬಾಗಿಲು ತಟ್ಟಿದರೆ ನಾವು ಯಾರು, ಎಲ್ಲಿಯವರು, ಎಲ್ಲಿಗೆ ಹೊರಟವರು ಎಂಬುದನ್ನೆಲ್ಲ ಹೇಳಬೇಕು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಾನು ಅದನ್ನು ಹೇಳದೆ ಮುಚ್ಚಿಟ್ಟೆ, ಅದರಿಂದ ಎಲ್ಲವೂ ಕೆಡುವುದರಲ್ಲಿತ್ತು.

ನಾನು ಶಹಾಬಾದದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಪ್ಪ ಅದೇ ಊರಿನಲ್ಲಿ ಕಲ್ಲಿನ ಪಾಲಿಶ್ ಮಷೀನು ಇಟ್ಟುಕೊಂಡು ಬದುಕು ಸಾಗಿಸಿದವನು, ಈಗ ಮುದುಕ. ನನ್ನ ಕಾರನ್ನು ಆತ ಮೊಬೈಲ್ ಗಾಡಿ ಎಂದೇ ಕರೆಯುತ್ತಾನೆ, ರಾತ್ರಿಯೆಲ್ಲ ಗೋಡೆಗೆ ಸಿಕ್ಕಿಸಿಡುತ್ತೇನೆಂದು. ರಜೆ ಬಂದ ಕೂಡಲೇ ಆ ಮೊಬೈಲ್ ಗಾಡಿಯಲ್ಲೇ ಬಾದಾಮಿ, ಕೂಡಲಸಂಗಮ ಎಂದು ಅಪ್ಪನನ್ನು ಸುತ್ತಾಡಿಸಿದೆ. ಸಂಗಮದಲ್ಲಿ ಆತ ಹೊಳೆಗೆ ಮುಖಮಾಡಿ ನಿಂತು, ಶರಣರಿಗೆ ಸೂತಕವೆಂಬುದೇ ಇಲ್ಲ, ಅದೆಲ್ಲ ಮಂದಿ ಮಾಡಿಕೊಂಡದ್ದು ಎಂದು ನನಗೆ ಉಪದೇಶ ಮಾಡಿದ. ಮರಳುವ ದಾರಿಯಲ್ಲಿ ಇಳಕಲ್ಲಿನ ಅಂಗಡಿಯೊಂದರಲ್ಲಿ ಕುಳಿತು, ಚಿಂಚೋಳಿಗೆ ಕೊಟ್ಟ ತನ್ನ ಅಕ್ಕನಿಗೆಂದು, ಅಂದರೆ ನನ್ನ ಅತ್ತೆಗೆಂದು, ಒಂದು ಸೀರೆ ಆರಿಸಿದ. ಅವ್ವ ಇದ್ದಾಗ ಸೀರೆಯ ಗೊಡವೆಗೇ ಹೋಗದಿದ್ದ ಮನುಷ್ಯ, ಅಂಗಡಿಯವನಿಗೆ ಸಾಕುಸಾಕಾಗುವ ತನಕ ಬಿಚ್ಚಿಸಿ ಬಿಚ್ಚಿಸಿ ನೋಡಿ, ಕೊನೆಗೆ ಕೆಂಪು ಸೆರಗಿನ ಕಡುನೀಲಿಯದೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದ.

ಶಹಾಬಾದ ಇನ್ನೇನು ಬಂತು ಎನ್ನುವಾಗ ಫೋನು ಬಂತು. ಅತ್ತೆಯ ಮಗ ಚಿಂಚೋಳಿಯಿಂದ ಮಾತಾಡುತ್ತಿದ್ದ: ಅತ್ತೆ ಬೆಳಿಗ್ಗೆ ತೀರಿಕೊಂಡಿದ್ದಳು. ಬಿಸಿಲಿಗೆ ದೇಹ ತಡೆಯುವುದಿಲ್ಲ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಲೇಬೇಕು, ಮಾವನಿಗೆ ಹೇಳು, ಸೀರೆ ತರಲು ಹೇಳು ಎಂದ.

ನಮ್ಮ ಕಡೆ ಹೆಣ್ಣುಮಗಳ ಕೊನೆಯ ಸೀರೆ ತವರಿನಿಂದ ಬರಬೇಕು. ಗಂಡನ ಮನೆಯಲ್ಲಿ ಮೊಮ್ಮಕ್ಕಳ ಮದುವೆ ಮಾಡಿದವಳಾದರೂ ಸರಿ, ತವರಿನ ಸೀರೆ ಹೊದ್ದೇ ಮಣ್ಣಿಗೆ ಹೋಗಬೇಕು. ಬರದಿದ್ದರೆ ಯಾರೋ ಅಂಗಡಿಯಿಂದ ತಂದದ್ದನ್ನು ಹೊದಿಸಿ ಮುಗಿಸುತ್ತಾರೆ, ನಿಜ. ಆದರೆ ಆಕೆಗೆ ತವರ ಸೀರೆ ಬರಲಿಲ್ಲವಂತೆ ಎಂಬ ಮಾತು ಆ ಮನೆಯಲ್ಲಿ ತಲೆಮಾರುಗಟ್ಟಲೆ ಉಳಿಯುತ್ತದೆ. ಅತ್ತೆಯ ತವರು ಎಂದರೆ ಈಗ ಉಳಿದವರು ನಾವಿಬ್ಬರೇ, ಇಬ್ಬರೂ ಈ ಕಾರಿನಲ್ಲೇ ಇದ್ದೆವು, ಮತ್ತು ಕಾರಿನ ಬ್ಯಾಟರಿ ತಳ ಕಾಣುತ್ತಿತ್ತು.

ಮನೆಗೆ ಹೋದರೆ ಓಣಿಗೆ ಓಣಿಯೇ ಕರೆಂಟಿಲ್ಲದೆ ಬೆವರುತ್ತಿತ್ತು. ಬಾಡಿಗೆ ಜೀಪು ಕೇಳಿದರೆ ಲಗ್ನದ ದಿನಗಳು, ಒಂದೂ ಊರಲ್ಲಿರಲಿಲ್ಲ. ಎರಡು ಬಸ್ಸು ಬದಲಿಸಿ ಹೋದರೆ ಕತ್ತಲಾಗುವುದು ಖಂಡಿತ. ಸೇಡಂನಲ್ಲಿ ಚಾರ್ಜಿಂಗ್ ಜಾಗ ಇದೆಯೆಂದು ನನ್ನ ಫೋನು ಹಸಿರು ಚುಕ್ಕೆ ತೋರಿಸುತ್ತಿತ್ತು. ಅಪ್ಪ, ದಂಡೋತಿ ದಾಟಿ ಕಾಳಗಿಯ ದಾರಿ ಹಿಡಿ, ಹತ್ತಿರವಾಗುತ್ತದೆ ಎಂದ. ನಾನು ಚುಕ್ಕೆಯನ್ನು ನಂಬಿದೆ. ಅಪ್ಪನ ಜೊತೆ ವಾದಕ್ಕಿಳಿದರೆ ಗೆಲ್ಲುವ ತನಕ ಬಿಡದಿರುವುದು ನನ್ನ ಸ್ವಭಾವ, ಆ ದಿನವೂ ಗೆದ್ದೆ.

ಎ.ಸಿ. ಹಾಕಿದರೆ ಬ್ಯಾಟರಿ ಕರಗುತ್ತದೆಂದು ಅದನ್ನು ಆರಿಸಿ ಗಾಜು ಇಳಿಸಿದೆ. ವಾಡಿಯ ಸಿಮೆಂಟು ದೂಳು, ಚಿತ್ತಾಪುರದ ಕೆಂಡದಂಥ ಗಾಳಿ ಎಲ್ಲ ಒಳಗೇ ಬಂತು. ಜೋರಾಗಿ ಓಡಿಸಿದರೆ ಚಾರ್ಜು ಮುಗಿಯುತ್ತದೆ, ನಿಧಾನಕ್ಕೆ ಹೋದರೆ ಹೊತ್ತು ಮುಗಿಯುತ್ತದೆ. ಮಕ್ಕಳಿಗೆ ಇಂಥ ಲೆಕ್ಕಗಳನ್ನು ಎಷ್ಟು ಹುಮ್ಮಸ್ಸಿನಿಂದ ಕೊಡುತ್ತಿದ್ದೆನೋ, ಇಲ್ಲಿ ನಾನೇ ಅದರೊಳಗೆ ಸಿಕ್ಕಿಬಿದ್ದಿದ್ದೆ. ಹಿಂದಿನ ಸೀಟಿನಲ್ಲಿ ಅಪ್ಪ ಸೀರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಟವೆಲ್ಲಿನಿಂದ ಬೆವರೊರೆಸಿಕೊಳ್ಳುತ್ತಿದ್ದ. ಕಾಗಿಣಾ ಹೊಳೆಯ ಸೇತುವೆ ದಾಟುವಾಗಲೂ, ಕಾಳಗಿಯ ದಾರಿ ಬಿಟ್ಟು ನಾನು ಬಲಕ್ಕೆ ಹೊರಳಿಸುವಾಗಲೂ ಆತ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸೇಡಂನ ಆ ಹಸಿರು ಚುಕ್ಕೆ ನಿಜದಲ್ಲಿ ಪ್ಲಾಸ್ಟಿಕ್ಕು ಸುತ್ತಿಕೊಂಡು ನಿಂತಿದ್ದ ಒಂದು ಕಂಬವಾಗಿತ್ತು. ಇನ್ನೂ ಚಾಲೂ ಆಗಿಲ್ಲ ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿದ. ಅಲ್ಲೇ ಯಾರದಾದರೂ ಪ್ಲಗ್ಗು ಕೇಳಬಹುದಿತ್ತು. ಆದರೆ ಭಯಕ್ಕೆ ಮುಂದೆ ಓಡುವುದೊಂದೇ ಗೊತ್ತಿರುತ್ತದೆ, ನಾನು ಚಿಂಚೋಳಿಯ ಕಡೆಗೆ ಓಡಿಸಿದೆ. ಅರ್ಧ ದಾರಿಯಲ್ಲಿ ಮೀಟರಿನ ಮೇಲೆ, ಚಾರ್ಜು ಮುಗಿಯುತ್ತ ಬಂದಾಗ ಕಾಣಿಸುವ ಹಳದಿ ಆಮೆಯ ಗುರುತು ಮೂಡಿ ಗಾಡಿ ತೆವಳತೊಡಗಿತು. ರಸ್ತೆಯ ಬದಿಗೆ, ಬೇವಿನ ಮರದ ಹಿಂದೆ, ಒಂದು ಹಿಟ್ಟಿನ ಗಿರಣಿ ಕಂಡಿತು. ಗಿರಣಿಯಿದ್ದಲ್ಲಿ ದಪ್ಪ ಪ್ಲಗ್ಗು ಇದ್ದೇ ಇರುತ್ತದೆ.

ಗಿರಣಿ ನಡೆಸುತ್ತಿದ್ದವಳ ಹೆಸರು ಸುಜಾತಾಬಾಯಿ. ನನ್ನ ವಾರಿಗೆಯವಳು, ಹುಬ್ಬಿನ ತನಕ ಹಿಟ್ಟು. ಮನೆಯೂ ಗಿರಣಿಯೂ ಒಂದೇ ಸೂರಿನಡಿ, ಬಾಗಿಲ ಮೇಲೆ ಬುದ್ಧನ ಪಟ. ಸಾವಿಗೆ ಹೊರಟವರು ಎಂದರೆ ಒಳಗೆ ಬಿಟ್ಟಾರೋ ಇಲ್ಲವೋ ಎಂಬ ಅಂಜಿಕೆಯಿಂದ ಚಿಂಚೋಳಿಯ ಬೀಗರ ಮನೆಗೆ ಹೊರಟಿದ್ದೇವೆ ಎಂದುಬಿಟ್ಟೆ. ಅದಕ್ಕೇನಂತೆ ಎಂದು ಆಕೆ ಪ್ಲಗ್ಗು ತೋರಿಸಿದಳು. ವೈರು ಎಳೆದು ಸಿಕ್ಕಿಸಿದರೆ, ಬಾಗಿಲ ಬಳಿ ತೂಗುತ್ತಿದ್ದ ಚಾರ್ಜರಿನ ಡಬ್ಬಿಯ ಮೇಲೆ ಕೆಂಪು ದೀಪ. ತೆಗೆದು ಮತ್ತೆ ಸಿಕ್ಕಿಸಿದೆ, ಮತ್ತೂ ಕೆಂಪು.

ನಾನು ಆ ಡಬ್ಬಿಯೊಂದಿಗೆ ಗುದ್ದಾಡುತ್ತಿರುವಾಗ ಆಕೆ ಅಪ್ಪನನ್ನು ಒಳಗೆ ಬಂದು ಫ್ಯಾನಿನಡಿ ಕೂರಲು ಕರೆದಳು. ಅಪ್ಪ ಬೇಡವೆಂದು ತಲೆಯಾಡಿಸಿ ಬೇವಿನ ಬುಡದಲ್ಲೇ ಕುಳಿತ. ನೀರಿನ ಚೊಂಬು ತಂದು ಹಿಡಿದಳು, ಅದಕ್ಕೂ ಆತ ಕೈ ಚಾಚಲಿಲ್ಲ. ಆ ಬಿಸಿಲಿನಲ್ಲಿ, ಒಣಗಿ ಬಿರಿದ ತುಟಿಯ ಮುದುಕನೊಬ್ಬ ನೀರು ಒಲ್ಲೆ ಎನ್ನುವುದಕ್ಕೆ ನಮ್ಮ ಸೀಮೆಯಲ್ಲಿ ಒಂದೇ ಅರ್ಥ ಹುಟ್ಟುತ್ತದೆ, ಅದು ಎಷ್ಟು ಹಳೆಯ ಅರ್ಥವೆಂದು ನಿಮಗೂ ಗೊತ್ತು. ಆಕೆ ಚೊಂಬನ್ನು ಕಟ್ಟೆಯ ಮೇಲಿಟ್ಟಳು.

"ನಮ್ಮ ಮನಿ ನೀರು ನಡ್ಯಂಗಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿ, ಒಳಗೆ ಬಂದು ನನ್ನ ಪ್ಲಗ್ಗಿನ ಸ್ವಿಚ್ಚಿನ ಮೇಲೆ ಕೈಯಿಟ್ಟಳು. ನನಗೆ ನಾಚಿಕೆಯಿಂದ ಮೈಯೆಲ್ಲ ಉರಿದುಹೋಯಿತು. ಮಾತಾಡಿದ್ದು ಅಪ್ಪ. ಮರವನ್ನು ಹಿಡಿದುಕೊಂಡು ಎದ್ದು ನಿಂತ.

"ಯವ್ವಾ, ಹಂಗಲ್ಲ. ನಾ ನಮ್ಮಕ್ಕನ ಮಣ್ಣಿಗಿ ಹೊಂಟೀನಿ. ಸಾವಿಗಿ ಹೊಂಟಾವ ಮಂದಿ ಮನಿ ಹೊಸ್ತಿಲ ತುಳೀಬಾರದು, ಚೊಂಬ ಮುಟ್ಟಬಾರದು, ನಿನಗ ಒಳ್ಳೇದಾಗಂಗಿಲ್ಲಂತ ಹೊರಗ ಕುಂತೀನಿ."

ಹಾಗೆಂದು ಕಟ್ಟೆಯ ಮೇಲಿನ ಚೊಂಬನ್ನು ತಾನೇ ಎತ್ತಿ, ಗಟಗಟ ಕುಡಿದು ಖಾಲಿ ಮಾಡಿದ. ಸಂಗಮದಲ್ಲಿ ಸೂತಕವಿಲ್ಲವೆಂದ ಮನುಷ್ಯನೇ ಇಲ್ಲಿ ಸೂತಕ ಹಿಡಿದು ಕುಳಿತಿದ್ದ ಎಂದು ಸಿಟ್ಟು ಬಂತು, ತನಗಾಗಿ ಅಲ್ಲ, ಗುರುತಿಲ್ಲದ ಮನೆಯೊಂದರ ಒಳಿತಿಗಾಗಿ ಹಿಡಿದಿದ್ದ ಎಂದು ಸಂಕಟವೂ ಆಯಿತು. ಸುಜಾತಾಬಾಯಿ ಸ್ವಿಚ್ಚಿನಿಂದ ಕೈ ತೆಗೆದು ನನ್ನ ಮುಖ ನೋಡಿದಳು. ಅದನ್ನು ಮೊದಲೇ ಹೇಳಬಾರದಿತ್ತೇ ಅಕ್ಕಾರೆ ಎಂದಳು. ಸುಳ್ಳಿನ ಬಗ್ಗೆ ಮತ್ತೆ ಎತ್ತಲಿಲ್ಲ.

ದೀಪ ಮಾತ್ರ ಕೆಂಪಾಗಿಯೇ ಇತ್ತು. ಆಗ ನನಗೆ ಪಾಲಿಶ್ ಮಷೀನಿನ ಅಂಗಳ ನೆನಪಾಯಿತು. ಬೇಸಿಗೆ ರಜೆಯಲ್ಲಿ ಅಲ್ಲಿ ನನಗೊಂದು ಕೆಲಸವಿರುತ್ತಿತ್ತು: ಬೆಳಿಗ್ಗೆ ಎದ್ದು ಅರ್ಥಿಂಗಿನ ಗುಂಡಿಗೆ ನೀರು ಹಾಕುವುದು. ನೆಲ ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲ, ಮಷೀನು ಮುಟ್ಟಿದವರಿಗೆ ಶಾಕು ಹೊಡೆಯುತ್ತದೆ ಎಂದು ಅಪ್ಪ ಗದರಿಸಿ ಹಾಕಿಸುತ್ತಿದ್ದ. ಅರ್ಥಿಂಗ್ ಸಿಗದಿದ್ದರೆ ಕಾರಿನ ಚಾರ್ಜರೂ ಕರೆಂಟು ಎಳೆಯುವುದಿಲ್ಲ; ಗಿರಣಿಯ ಹಿಂದೆ ಹೋಗಿ ನೋಡಿದೆ. ತುಕ್ಕು ಹಿಡಿದ ಅರ್ಥಿಂಗ್ ಪೈಪಿನ ಸುತ್ತ ನೆಲ ಬಾಯಿಬಿಟ್ಟುಕೊಂಡಿತ್ತು.

ಬೇಕಾದದ್ದು ನೀರು. ಅಡುಗೆಮನೆಯ ಬಾಗಿಲ ಬಳಿ ಬಟ್ಟೆ ಕಟ್ಟಿದ ಎರಡು ಕೊಡಗಳಿದ್ದವು, ನಳ ಬಂದು ಬಹಳ ದಿನವಾದ ಮನೆಯಲ್ಲಿ ಕೊಡಗಳು ಹೇಗೆ ಕೂತಿರುತ್ತವೋ ಹಾಗೆ. ಕುಡಿಯುವ ನೀರನ್ನು ನೆಲಕ್ಕೆ ಸುರಿಯಲು ಕೊಡು ಎಂದು ಕೇಳುವ ಬಾಯಿ ನನಗಿರಲಿಲ್ಲ. ವಿಷಯವನ್ನಷ್ಟೇ ಹೇಳಿದೆ. ಆಕೆ ಒಂದು ಕೊಡ ಎತ್ತಿ ತಂದು, ಹಿಡಿ ಉಪ್ಪು ಉದುರಿಸಿ, ತಾನೇ ಸುರಿದಳು. ನೆಲ ಕುಡಿಯಿತು. ಓಡಿ ಬಂದು ನೋಡಿದರೆ ಕೆಂಪು. ಆಕೆ ಎರಡನೆಯ ಕೊಡಕ್ಕೆ ಕೈ ಹಾಕಿದಳು; ಬೇಡ ಎನ್ನಬೇಕಿತ್ತು, ಎನ್ನಲಾಗಲಿಲ್ಲ. ಅದು ಅರ್ಧವಾಗುವಾಗ ಬೇವಿನ ಬುಡದಿಂದ ಅಪ್ಪ, ಹಸಿರಾತು ಎಂದು ಕೂಗಿದ.

ಆಮೇಲಿನದು ಬರೀ ಕಾಯುವಿಕೆ. ಬೇವಿನ ನೆರಳು ಉದ್ದವಾಗುತ್ತ ರಸ್ತೆಯ ತನಕ ಹೋಯಿತು. ಅತ್ತೆಯ ಮಗ ಮೇಲಿಂದ ಮೇಲೆ ಫೋನು ಮಾಡಿದ, ಹಿರಿಯರು ತಡೆಯುತ್ತಿಲ್ಲ, ಅಂಗಡಿಯ ಸೀರೆ ತರಿಸಲು ಆಳು ಕಳಿಸಿದ್ದಾರೆ ಎಂದ. ಇಷ್ಟು ಸಾಕೇ, ಇನ್ನಷ್ಟು ಬೇಕೇ ಎಂದು ನಾನು ಮೀಟರು ನೋಡಿ ನೋಡಿ ಹೈರಾಣಾದೆ. ಸುಜಾತಾಬಾಯಿ ಅಪ್ಪನ ಎದುರು ನೆಲದ ಮೇಲೆ ಕುಳಿತು ಸೀರೆ ತೋರಿಸಿರೆಂದು ಕೇಳಿ, ಸೆರಗನ್ನು ಬೆರಳಲ್ಲಿ ಸವರಿದಳು. ಕುಪ್ಪಸದ ಖಣ ಎಲ್ಲಿ ಎಂದಾಗ ಅಪ್ಪ ತಬ್ಬಿಬ್ಬಾದ. ಸೀರೆಯೊಂದಿಗೆ ಖಣ ಬೇಕೆಂಬುದು ಆತನಿಗೆ ಹೊಳೆದೇ ಇರಲಿಲ್ಲ. ಮಗಳಾದ ನನಗೂ ಹೊಳೆದಿರಲಿಲ್ಲ. ಆಕೆ ಒಳಗೆ ಹೋದಳು, ಟ್ರಂಕು ತೆರೆದ ಸದ್ದಾಯಿತು, ಹಸಿರು ಖಣವೊಂದನ್ನು ತಂದು ಸೀರೆಯ ಮೇಲಿಟ್ಟಳು.

"ಹೆಣ್ಮಗಳಿಗಿ ಬರೇ ಸೀರಿ ಹ್ಯಾಂಗ ಒಯ್ತೀರಿ ಅಪ್ಪಾರ? ಇದು ಇರ್ಲಿ."

ಅಪ್ಪ ಎರಡೂ ಕೈಯಿಂದ ಅದನ್ನು ಹಣೆಗೊತ್ತಿಕೊಂಡ. ನಾವು ಹೊರಟೆವು.

ಚಿಂಚೋಳಿಯಲ್ಲಿ ಅತ್ತೆಯ ಮನೆಯವರ ಹೊಲಕ್ಕೆ ಮುಟ್ಟಿದಾಗ ಆಮೆ ಮತ್ತೆ ಮೂಡಿತ್ತು, ಸೂರ್ಯ ತೊಗರಿಯ ಕೂಳೆಗಳಿಗೆ ತಾಗುವಷ್ಟು ಕೆಳಗಿದ್ದ. ಗುಂಡಿ ತೋಡಿ ಆಗಿತ್ತು. ನಮ್ಮವರ ಪದ್ಧತಿಯಂತೆ ಅತ್ತೆಯನ್ನು ಕೂರಿಸಿದ್ದರು, ಹಣೆಗೆ ವಿಭೂತಿ, ಪಕ್ಕದಲ್ಲಿ ಅಂಗಡಿಯಿಂದ ಬಂದ ಪೊಟ್ಟಣ ಇನ್ನೂ ಬಿಚ್ಚದೆ ಬಿದ್ದಿತ್ತು. ತವರಿನವರು ಬಂದರು ಎಂದು ಯಾರೋ ಹೇಳಿದರು, ಜನ ದಾರಿ ಬಿಟ್ಟರು. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿಬಂತು. ಒಡಹುಟ್ಟಿದವರಿಲ್ಲದ ನಾನು ಯಾರಿಗೋ ತವರಾಗಬಲ್ಲೆ ಎಂದು ಆ ತನಕ ಎಣಿಸಿರಲಿಲ್ಲ.

ಅಪ್ಪ ಸೀರೆ ಬಿಚ್ಚಿದ. ಅತ್ತೆಯ ಸೊಸೆ ಖಣವನ್ನು ಕೈಗೆ ತೆಗೆದುಕೊಂಡು, ಸೀರೆ ತವರಿನದು ಸರಿ, ಬೇರೆ ಬಣ್ಣದ ಈ ಖಣ ಯಾರದೆಂದು ಕೇಳಿದಳು. ಸುತ್ತಲೂ ಹಿರಿಯರು ನಿಂತಿದ್ದರು, ಊರು ಯಾವುದು, ಮನೆತನ ಯಾವುದು ಎಂದು ಕೇಳದೆ ಬಿಡದ ಹಿರಿಯರು. ದಾರಿಯಲ್ಲಿ ನಾನು ಹೇಳಿದಂಥ ಸುಳ್ಳನ್ನೇ ಅಪ್ಪನೂ ಹೇಳಲಿದ್ದಾನೆ ಎಂದುಕೊಂಡೆ. ಆತ ಸೊಸೆಯ ಕೈಯಿಂದ ಖಣವನ್ನು ಇಸಿದುಕೊಂಡ.

"ಸೇಡಂ ದಾರ್ಯಾಗ ಗಿರಣಿ ನಡಸೂ ಸುಜಾತಾಬಾಯಿ ಅಂತದಾಳ, ಅಕೀದು. ಕುಡಿಯೋ ನೀರು ಸುರುವಿ ನಮ್ಮನ್ನ ಇಲ್ಲಿ ತನಕ ಕಳಸ್ಯಾಳ. ಇದೂ ತವರಿಂದೇ ಅಂತ ತಿಳೀರಿ."

ಅಪ್ಪ ಮೊದಲು ಖಣವನ್ನು ಅಕ್ಕನ ಮಡಿಲಲ್ಲಿಟ್ಟ, ಅದರ ಮೇಲೆ ಸೀರೆ ಹೊದಿಸಿದ, ಸೆರಗನ್ನು ತಲೆಯ ತನಕ ಎಳೆದು ಸರಿಮಾಡಿದ.