ನೀರು ಬರುವ ದಿಕ್ಕಿಗೆ ಮುಖ ಮಾಡಿ ಕೂತವರು

ಕಳೆದ ಶನಿವಾರ ಬೆಳಿಗ್ಗೆ ಅಬುಧಾಬಿಯ ಖಲೀಫಾ ಸಿಟಿಯ ನಮ್ಮ ಅಡುಗೆಮನೆಯಿಂದ ಬೆಣ್ಣೆಯಲ್ಲಿ ಆಲೂಗಡ್ಡೆ ಕೆಂಪಗೆ ಬೇಯುವ ವಾಸನೆ ಬಂತು. ಹಿಂದಿನ ದಿನ ಬೇಯಿಸಿ ಉಳಿದದ್ದನ್ನು ಹೆಂಡತಿ ತುರಿದು, ಬಾಣಲೆಯಲ್ಲಿ ದಪ್ಪ ರೊಟ್ಟಿಯಂತೆ ತಟ್ಟಿದ್ದಳು. ಫೋನಿನಲ್ಲಿ ನೋಡಿ ಕಲಿತ ಹೊಸ ತಿಂಡಿ ಅವಳಿಗೆ. ನನಗೆ ಮಾತ್ರ ಅದು ಹೊಸದಲ್ಲ. ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡೆ. ಒಳಗಿನಿಂದ ಮಗಳು "ವಾಟ್ ಹ್ಯಾಪನ್ಡ್, ಅಪ್ಪಾ?" ಎಂದು ಎರಡು ಸಲ ಕೇಳಿದಳು. ಏನಿಲ್ಲ ಎಂದೆ.

ಆ ತಿಂಡಿಯನ್ನು ನನಗೆ ಮೊದಲು ತಿನ್ನಿಸಿದವರು ದುಬೈನ ಜೆಬೆಲ್ ಅಲಿಯಲ್ಲಿದ್ದ ನನ್ನ ಹಳೆಯ ಕಂಪನಿಯ ಕ್ಯಾಂಟೀನಿನ ಅಡುಗೆಯವರು. ನಾವೆಲ್ಲ ಅವರನ್ನು ಸ್ವಿಸ್ ಮಾಮ ಎಂದೇ ಕರೆಯುತ್ತಿದ್ದೆವು. ಕಾರ್ಕಳದ ಹತ್ತಿರದವರು. ಹದಿನಾಲ್ಕು ವರ್ಷ ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಹಳ್ಳಿಯ ವಸತಿಗೃಹದಲ್ಲಿ, ಇಂಡಿಯಾದಿಂದ ಬಸ್ಸು ತುಂಬ ಬರುವ ಪ್ರವಾಸಿಗಳಿಗೆ ಅನ್ನ, ಸಾರು ಮಾಡಿ ಹಾಕಿದ್ದರಂತೆ. ಅದರ ಒಡತಿ ತೀರಿಕೊಂಡು ಬಾಗಿಲು ಮುಚ್ಚಿದ ಮೇಲೆ ದುಬೈಗೆ ಬಂದಿದ್ದರು. ಬಟಾಟೆಯನ್ನು ಹಿಂದಿನ ದಿನವೇ ಬೇಯಿಸಿಡಬೇಕು, ಅವಸರ ಮಾಡಿದರೆ ಅಂಟಾಗುತ್ತದೆ ಎನ್ನುವುದು ಅವರು ಅಲ್ಲಿಂದ ತಂದ ಮೊದಲ ಪಾಠ. ಎರಡನೆಯದು, ಆ ಹಳ್ಳಿ.

ಆ ಹಳ್ಳಿಯ ಹೆಸರು ನನ್ನ ನಾಲಿಗೆಗೆ ಕೊನೆಗೂ ಹತ್ತಲಿಲ್ಲ. ಅದರ ನಕ್ಷೆಯನ್ನು ಮಾತ್ರ ಈಗಲೂ ಬರೆದು ತೋರಿಸಬಲ್ಲೆ. ಕ್ಯಾಂಟೀನಿನ ಸ್ಟೀಲ್ ಮೇಜಿನ ಮೇಲೆ ಹಿಟ್ಟು ಉದುರಿಸಿ, ಬೆರಳಿನಲ್ಲಿ ಗೆರೆ ಎಳೆಯುತ್ತಿದ್ದರು.

"ಹೊಳೆ ಹೀಗೆ ಬರ್ತದೆ, ಕತ್ತಿಯ ಹಾಗೆ ಬಾಗಿ. ಇಲ್ಲಿ ಮರದ ಸೇತುವೆ. ಅದರ ಮೇಲೆ ಮಾಡು ಉಂಟು, ಮನೆಗೆ ಇದ್ದ ಹಾಗೆ. ಸೋತು ಓಡುವ ಸೈನ್ಯ ಒಂದು ಸಲ ಅದಕ್ಕೆ ಬೆಂಕಿ ಇಟ್ಟು ಹೋದದ್ದು. ಊರಿನವರು ಪುನಃ ಕಟ್ಟಿದ್ರು. ಅದೇ ಜಾಗದಲ್ಲಿ, ಅದೇ ಅಳತೆಗೆ."

"ಅಲ್ಲಿ ನಿಮ್ಮ ಬ್ಯಾಂಕ್ ಎಲ್ಲಿ ಮಾಮ?" ಎಂದು ಯಾರಾದರೂ ಕೆಣಕುತ್ತಿದ್ದರು.

"ಬ್ಯಾಂಕಾ? ಹಸು ಉಂಟು ಮಾರಾಯ. ನಿನಗಿಂತ ಚಂದ ಮಾತಾಡ್ತದೆ."

ನಿಜವಾಗಿ ಭಯ ಇದ್ದದ್ದು ದೊಡ್ಡ ಹೊಳೆಯದಲ್ಲವಂತೆ. ಹಿಂದಿನ ಗುಡ್ಡದಿಂದ ಇಳಿದು ಅದನ್ನು ಸೇರುವ ಒಂದು ತೋಡಿನದು. ಬೇಸಿಗೆಯಲ್ಲಿ ಅದನ್ನು ಕೋಳಿ ಕೂಡ ದಾಟುತ್ತದೆ ಎನ್ನುತ್ತಿದ್ದರು. ಹಿಂದೊಮ್ಮೆ ಊರು ಇದ್ದದ್ದು ಕೆಳಗೆ, ತೋಡಿನ ಬಾಯಿಯಲ್ಲಿ. ಒಂದು ಮಧ್ಯಾಹ್ನ, ಊರಿನ ಮೇಲೆ ಹನಿ ಮಳೆಯಿಲ್ಲದಾಗ, ಅರ್ಧ ಊರು ಕೊಚ್ಚಿಹೋಯಿತು. ಉಳಿದವರು ಇಗರ್ಜಿಯನ್ನೂ ಮನೆಗಳನ್ನೂ ಮೇಲಕ್ಕೆ ಕಟ್ಟಿಕೊಂಡರು. ಕೆಳಗಿನ ನೆಲ ಹುಲ್ಲುಗಾವಲಾಯಿತು. ಕೆಳಗೆ ಉಳಿದುಕೊಂಡ ವಸತಿಗೃಹದ ಗೋಡೆಯಲ್ಲಿ ಪ್ರತಿ ಸಲ ನೀರು ಏರಿದ ಮಟ್ಟಕ್ಕೆ ಗೆರೆ ಕೊರೆದು ಇಸವಿ ಬರೆದಿದ್ದಾರೆ. ಚಳಿಗಾಲದಲ್ಲಿ ಪ್ರವಾಸಿಗಳಿಲ್ಲದಾಗ ಆ ಮುದಿ ಒಡತಿ ಒಂದೊಂದು ಗೆರೆಯ ಕೆಳಗೂ ಮಾಮನನ್ನು ನಿಲ್ಲಿಸಿ ಕಥೆ ಹೇಳುತ್ತಿದ್ದಳಂತೆ. ಊರಿನ ಚರಿತ್ರೆ ಗೊತ್ತಿಲ್ಲದವನು ಊರಿಗೆ ಸೂಪು ಮಾಡಬಾರದು ಎನ್ನುವುದು ಅವಳ ಮತ.

ಅಲ್ಲಿ ಒಂದು ಪದ್ಧತಿಯಿತ್ತು. ಕೆಳಗಿನ ಹುಲ್ಲುಗಾವಲಿನಲ್ಲಿ ಹುಲ್ಲು ಕೊಯ್ಯುವ ದಿನ ಒಬ್ಬ ಕೊಯ್ಯುವುದಿಲ್ಲ, ಉಣ್ಣುವುದೂ ಇಲ್ಲ. ಬಂಡೆಯ ಮೇಲೆ ನೀರು ಬರುವ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಾನೆ. ತೋಡಿನ ಬಣ್ಣ ಬದಲಾದರೆ ಬಾಣಲೆ ಬಡಿಯಬೇಕು. ಬಡಿದ ಮೇಲೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ, ಕೈಯಲ್ಲಿದ್ದದ್ದನ್ನು ಎಸೆದು ಓಡಬೇಕು. ಎಲ್ಲರ ಊಟ ಮುಗಿದು ಮೇಲೆ ಬಂದ ಮೇಲೆಯೇ ಅವನಿಗೆ ಊಟ. ಎಷ್ಟೋ ವರ್ಷ ಮಾಮನೇ ಆ ಬಂಡೆಯ ಮೇಲೆ ಕೂತಿದ್ದರಂತೆ.

ನಾನು ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವನು. ನೀರಿನ ಹರಿವಿನ ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದಿತ್ತು. ಅವರ ಕಥೆಯನ್ನು ಕಥೆಯಂತೆ ಕೇಳಿದೆ...

ಇಲ್ಲಿಯ ನಮ್ಮವರಿಗೆ, ಅದರಲ್ಲೂ ಕರಾವಳಿಯವರಿಗೆ, ಒಂದು ಹುಚ್ಚಿದೆ. ಮಳೆ ಬಂದರೆ ಬೇರೆಯವರು ಮನೆ ಸೇರುತ್ತಾರೆ, ನಮ್ಮವರು ಮನೆ ಬಿಡುತ್ತಾರೆ. ವರ್ಷಕ್ಕೆ ನಾಲ್ಕು ದಿನ ಮೋಡ ಕಟ್ಟಿದರೆ ಸಾಕು, ವಾಟ್ಸಾಪ್ ಗುಂಪಿನಲ್ಲಿ "ಯಲ್ಲಾ, ವಾದಿಗೆ!" ಎಂದು ಶುರು. ಯಲ್ಲಾ ಎಂದರೆ ಹೊರಡಿ, ವಾದಿ ಎಂದರೆ ಬೆಟ್ಟದ ನಡುವಿನ ಒಣಹೊಳೆ. ಅದರಲ್ಲಿ ಒಂದಿಷ್ಟು ನೀರು ಹರಿದರೆ ಅದೇ ನಮಗೆ ಜಡಿಮಳೆಯ ಆಟಿ ತಿಂಗಳು. ಎರಡು ವರ್ಷದ ಹಿಂದಿನ ಚಳಿಗಾಲದ ಒಂದು ಶನಿವಾರ ಮಾಮನೂ ಸೇರಿ ನಾವು ಆರು ಜನ ಎರಡು ಕಾರಿನಲ್ಲಿ ಒಮಾನ್ ಗಡಿಯ ಹತ್ತಾ ಕಡೆಯ ಬೆಟ್ಟಕ್ಕೆ ಹೊರಟೆವು. ಹೆಂಡತಿ, ಮಗಳು ರಜೆಗೆ ಮೈಸೂರಿಗೆ ಹೋಗಿದ್ದರು. ಒಂದು ದೊಡ್ಡ ತಪ್ಪಲೆಯಲ್ಲಿ ಕೋಳಿ ಸುಕ್ಕ ಮಾಡಿಕೊಂಡು ಮಾಮ ಬಂದಿದ್ದರು. ಬರುವುದಿಲ್ಲ ಎಂದಿದ್ದವರನ್ನು ಒತ್ತಾಯ ಮಾಡಿದವನು ನಾನೇ.

ವಾದಿಯಲ್ಲಿ ಬಿಸಿಲಿತ್ತು. ಪಾದ ಮುಳುಗುವಷ್ಟು ತಿಳಿನೀರು ಹರಿಯುತ್ತಿತ್ತು. ದೂರದ ಬೆಟ್ಟಗಳ ತಲೆ ಮಾತ್ರ ಕಪ್ಪಾಗಿತ್ತು. ಮರದ ನೆರಳಿದೆಯೆಂದು ನಾನು ಕಾರನ್ನು ಹೊಳೆಯ ಜಲ್ಲಿಯ ಮೇಲೆಯೇ ಇಳಿಸಿದೆ. ಇನ್ನೊಂದು ಕಾರಿನ ಗೆಳೆಯನೂ ಇಳಿಸಿದ.

"ಕಾರು ಮೇಲೆ ಹಾಕಿ ಮಾರಾಯ್ರೆ," ಎಂದರು ಮಾಮ.

"ಇಲ್ಲಿ ಬಿಸಿಲಿದೆ ಮಾಮ, ನೋಡಿ. ಮಳೆ ಅಲ್ಲೆಲ್ಲೋ ದೂರ," ಎಂದೆ.

"ಅದೇ ನಾನು ಹೇಳುದು. ಮಳೆ ಬೀಳುದು ಅಲ್ಲಿ, ಸಾಯುದು ಇಲ್ಲಿ."

ಗೆಳೆಯ ನಗುತ್ತಲೇ ತನ್ನ ಕಾರನ್ನು ದಿಬ್ಬದ ಮೇಲೆ ಒಯ್ದು ನಿಲ್ಲಿಸಿದ. ನಾನು ಒಯ್ಯಲಿಲ್ಲ. ಯಾಕೆ ಒಯ್ಯಲಿಲ್ಲ ಎಂದು ಈ ಎರಡು ವರ್ಷದಲ್ಲಿ ಎಷ್ಟು ಸಲ ಕೇಳಿಕೊಂಡಿದ್ದೇನೆ... ಸೋಮಾರಿತನ. ಓದಿದವನೆಂಬ ಹಟವೂ ಇದ್ದಿರಬೇಕು.

ನಾವು ತಿನ್ನಲು ಕೂತೆವು. ಮಾಮ ನಮಗೆ ಬಡಿಸಿ ಖಾಲಿಯಾದ ತಪ್ಪಲೆ, ಸೌಟು ಹಿಡಿದುಕೊಂಡು ಬಂಡೆಯೊಂದನ್ನು ಹತ್ತಿ, ನಮಗೆ ಬೆನ್ನು ಹಾಕಿ ಕೂತರು.

"ಯಾರನ್ನು ಕಾಯುದು ಮಾಮ? ಒಂಟೆ ಬರ್ಲಿಕ್ಕುಂಟಾ?" ಎಂದ ಒಬ್ಬ.

"ನೀನು ತಿನ್ನು ಮಾರಾಯ. ಒಂಟೆ ಬಂದ್ರೆ ನಿನ್ನ ಹೆಸರು ಹೇಳ್ತೇನೆ."

ಅರ್ಧ ಗಂಟೆ ಆಗಿರಬಹುದು. ಇದ್ದಕ್ಕಿದ್ದಂತೆ ಡಣ್ ಡಣ್ ಎಂದು ತಪ್ಪಲೆ ಬಡಿದ ಸದ್ದಾಯಿತು. ನನ್ನ ಕಾಲ ಬಳಿಯ ನೀರು ಚಹದ ಬಣ್ಣಕ್ಕೆ ತಿರುಗಿದ್ದನ್ನು ನಾನು ಆಗ ನೋಡಿದೆ. ಎಲ್ಲರೂ ದಿಬ್ಬಕ್ಕೆ ಓಡಿದೆವು. ಮಾಮನೂ ಮೇಲೆ ಬಂದರು. ಆರು ಜನ ಮೇಲೆ ಇದ್ದೆವು. ಇದನ್ನು ಬರೆಯಲೇಬೇಕು... ಆರೂ ಜನ ಮೇಲೆ ಇದ್ದೆವು.

ನೀರು ಮೊಣಕಾಲಿಗೂ ಬಂದಿರಲಿಲ್ಲ. ಕಾರಿನ ಕೀ ನನ್ನ ಕೈಯಲ್ಲಿತ್ತು. "ಎರಡೇ ನಿಮಿಷ" ಎಂದು ನಾನು ಇಳಿದೆ. ಹಿಂದಿನಿಂದ ಮಾಮ ಏನೋ ಕೂಗಿದರು. ಕಾರು ಚಾಲೂ ಆಯಿತು, ಚಕ್ರ ಜಲ್ಲಿಯಲ್ಲಿ ಹೂತು ಸುಮ್ಮನೆ ಸುತ್ತತೊಡಗಿತು. ಎದುರಿನ ತಿರುವಿನಿಂದ ತುಂಬಿದ ಲಾರಿ ಬಂದಂಥ ಸದ್ದು. ಬಾಗಿಲು ತೆರೆಯಿತು. ಅಂಗಿಯ ಕಾಲರ್ ಹಿಡಿದು ಯಾರೋ ನನ್ನನ್ನು ಹೊರಗೆಳೆದರು. ಮಾಮ. ನೀರು ಸೊಂಟಕ್ಕೆ ಬಂದಿತ್ತು. ಬೆನ್ನಿಗೆ ಎರಡೂ ಕೈ ಕೊಟ್ಟು ದಿಬ್ಬದ ಕಡೆಗೆ ದೂಡಿದರು.

"ಹೋಗು!" ಎಂದರು. ಅಷ್ಟು ವರ್ಷದಲ್ಲಿ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ.

ನನ್ನ ಕೈಗೆ ಗೆಳೆಯನ ಕೈ ಸಿಕ್ಕಿತು. ತಿರುಗಿ ನೋಡಿದಾಗ ಕಾರು ಅಡ್ಡಕ್ಕೆ ಹೊರಳುತ್ತಿತ್ತು, ಅದಕ್ಕೂ ದಿಬ್ಬಕ್ಕೂ ನಡುವೆ ಅವರಿದ್ದರು. ಮುಖದಲ್ಲಿ ಗಾಬರಿ ಇರಲಿಲ್ಲ. ನನ್ನನ್ನೇ ನೋಡುತ್ತಿದ್ದರು, ಹತ್ತಿದನೋ ಇಲ್ಲವೋ ಎಂದು. ಆಮೇಲೆ ಕೆಸರು ನೀರು ಮಾತ್ರ...

ಸಂಜೆಯೊಳಗೆ ರಕ್ಷಣಾ ಸಿಬ್ಬಂದಿಗೆ ಅವರು ಸಿಕ್ಕರು, ಬಹಳ ಕೆಳಗೆ.

ಊರಿನಲ್ಲಿದ್ದ ಅವರ ಹೆಂಡತಿಗೆ ಫೋನ್ ಮಾಡುವ ಕೆಲಸ ನನಗೇ ಬಂತು. ಹೇಗಾಯಿತು ಎಂದು ಅವರು ಕೇಳಿದರು. ನನ್ನ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅದು ನಿಜ ಅನ್ನಿಸಿತು. ಪಾತ್ರೆ ತರಲು ಕೆಳಗೆ ಇಳಿದರು ಅಕ್ಕ, ಎಂದೆ. ಜೊತೆಗಿದ್ದ ನಾಲ್ವರೂ ನನ್ನ ಮುಖ ನೋಡಿ ಸುಮ್ಮನಾದರು. ಅತ್ತಲಿಂದ ಆ ಹೆಂಗಸು, "ಒಂದು ತಪ್ಪಲೆಗೆ ಬೇಕಾಗಿ ಹೋದ್ರಾ ಇವರು? ಬುದ್ಧಿ ಬೇಡ್ವಾ?" ಎಂದು ಅತ್ತದ್ದು ಈಗಲೂ ಕೇಳಿಸುತ್ತದೆ. ಹದಿನಾಲ್ಕು ವರ್ಷ ನೀರನ್ನು ನೋಡುವುದನ್ನು ಕಲಿತಿದ್ದ ಮನುಷ್ಯನನ್ನು ನಾನು ಪಾತ್ರೆಗಾಗಿ ಪ್ರಾಣ ಕೊಟ್ಟ ಮೂರ್ಖನನ್ನಾಗಿ ಮಾಡಿ ಪೆಟ್ಟಿಗೆಯಲ್ಲಿ ಊರಿಗೆ ಕಳಿಸಿದೆ.

ಆ ಕೆಲಸ ಬಿಟ್ಟೆ, ಅಬುಧಾಬಿಗೆ ಬಂದೆ. ಹಬ್ಬಕ್ಕೊಮ್ಮೆ ಮಾಮನ ಹೆಂಡತಿಗೆ ಫೋನ್ ಮಾಡುತ್ತಿದ್ದೆ. ಕ್ಷೇಮ ಕೇಳುತ್ತಿದ್ದರು. ಮಾತಿನ ನಡುವೆ ಎಲ್ಲೋ ಒಂದು ಕಡೆ ಆ ತಪ್ಪಲೆ ಬಂದೇ ಬರುತ್ತಿತ್ತು.

ಕಳೆದ ಶನಿವಾರ ಬಾಲ್ಕನಿಯಲ್ಲಿ ನಿಂತಲ್ಲಿಂದಲೇ ಫೋನ್ ಹಚ್ಚಿದೆ. ಹಬ್ಬವಿಲ್ಲದ ದಿನ ನನ್ನ ಹೆಸರು ಕಂಡು ಅವರು ಗಾಬರಿಯಾದರು.

"ಎಂತ ಆಯ್ತು? ಮಗು ಹುಷಾರುಂಟಲ್ಲಾ?"

"ಹುಷಾರಾಗಿದ್ದಾಳೆ. ಅಕ್ಕ, ಅವತ್ತು ಮಾಮ ಪಾತ್ರೆ ತರಲು ಇಳಿಯಲಿಲ್ಲ. ನಾನು ಕಾರು ತರೋದಕ್ಕೆ ಇಳಿದಿದ್ದೆ. ನನ್ನನ್ನು ಎಳೆದು ಹಾಕೋದಕ್ಕೆ ಅವರು ಬಂದರು."

ಆ ಕಡೆ ಹೊರಗೆ ಎಲ್ಲೋ ಕೋಳಿ ಕೂಗುವುದು ಕೇಳಿಸಿತು. ಬೈಯಲಿ ಎಂದು ಕಾದೆ. ಬೈದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಲು ಎರಡು ವರ್ಷದಿಂದ ಸಿದ್ಧನಾಗಿದ್ದೆ.

"ಕಾರು ಸಿಕ್ಕಿತಾ?" ಎಂದರು.

"ಸಿಕ್ಕಿತು ಅಕ್ಕ."

"ಹೌದಾ."

ಆಮೇಲೆ ಅವರು ಮಾತಾಡಿದಾಗ ಅದು ನನಗೆ ಹೇಳಿದಂತಿರಲಿಲ್ಲ.

"ನಾನು ದಿನಾ ದೀಪ ಇಡುವಾಗ ಅವರ ಫೋಟೋಕ್ಕೆ ಬೈತಿದ್ದೆ... ಎರಡು ವರ್ಷ ಬೈದೆ."

ಫೋನ್ ಇಟ್ಟರು. ಅದಾಗಿ ಇವತ್ತಿಗೆ ಎಂಟು ದಿನ.